ಸತ್ತ ಮೇಲೂ ಅಮ್ಮ ಹಚ್ಚಿದ ಕೆಲಸ

ಗೆಳತಿಯ ಮನೆಯ ಹಳೆಯ ಡಿವಿಡಿಗಳ ರಾಶಿಯಲ್ಲಿ ‘ಡೆಡ್ ಲೈಕ್ ಮಿ’ ಧಾರಾವಾಹಿ ಸಿಕ್ಕಿತು. ಒಂದು ಕಂತು ನೋಡೋಣವೆಂದು ಕೂತವಳು ಬೆಳಗಿನ ಜಾವದವರೆಗೆ ಏಳಲಿಲ್ಲ. ಅದರ ಗುಂಗು ಇನ್ನೂ ಇಳಿದಿಲ್ಲ.

ಸಿಯಾಟಲ್‌ನ ಹದಿನೆಂಟರ ಹುಡುಗಿ ಜಾರ್ಜ್ ಲಾಸ್ ಕಾಲೇಜು ಬಿಟ್ಟು ಮನೆಯಲ್ಲಿ ಬಿದ್ದುಕೊಂಡಿದ್ದಾಳೆ. ಅಮ್ಮ ಜಾಯ್‌ಗೆ ಅದು ಸಹಿಸದು. ತಾತ್ಕಾಲಿಕ ಕೆಲಸ ಕೊಡಿಸುವ ‘ಹ್ಯಾಪಿ ಟೈಮ್’ ಏಜೆನ್ಸಿಗೆ ಮಗಳನ್ನು ಅಟ್ಟುತ್ತಾಳೆ. ಮೊದಲ ದಿನದ ಊಟದ ಬಿಡುವಿನಲ್ಲೇ ಆಕಾಶದಿಂದ ಕಮೋಡ್ ಸೀಟು ಬಿದ್ದು ಜಾರ್ಜ್ ಸಾಯುತ್ತಾಳೆ. ರಷ್ಯಾದ ‘ಮಿರ್’ ಬಾಹ್ಯಾಕಾಶ ನಿಲ್ದಾಣದ ಸೀಟು!

ಈ ಸೀಟು ನನ್ನನ್ನು ಬಿಡುತ್ತಿಲ್ಲ. ನಿಜವಾದ ಮಿರ್ 1986ರಲ್ಲಿ ಮೇಲೇರಿ, 2001ರ ಮಾರ್ಚ್ 23ರಂದು ದಕ್ಷಿಣ ಪೆಸಿಫಿಕ್ ಸಾಗರಕ್ಕೆ ಬಿತ್ತು. ಆಗ ಟ್ಯಾಕೋ ಬೆಲ್ ಕಂಪನಿ ಸಮುದ್ರದಲ್ಲೊಂದು ಗುರಿಹಲಗೆ ತೇಲಿಬಿಟ್ಟು, ನಿಲ್ದಾಣದ ಮುಖ್ಯಭಾಗ ಅದಕ್ಕೆ ಬಡಿದರೆ ಅಮೆರಿಕದವರಿಗೆಲ್ಲ ಒಂದೊಂದು ಟ್ಯಾಕೋ ಪುಕ್ಕಟೆ ಎಂದು ಸಾರಿತ್ತು. ಬಡಿಯಲಿಲ್ಲ. ಹೀಗೆ ಜನ ತಮಾಷೆ ಮಾಡಿಕೊಂಡಿದ್ದ ಸಂಗತಿಯನ್ನು ಕತೆಗಾರ ಬ್ರಯಾನ್ ಫುಲ್ಲರ್ ಒಬ್ಬ ತಾಯಿಯ ಎದೆಯ ಮೇಲೆ ತಂದು ಹಾಕಿದ. ಮಗಳಿಗೆ ಏನಾಯಿತೆಂದು ಕೇಳಿದವರಿಗೆ ಜಾಯ್ ಏನು ಹೇಳಬೇಕು? ನಿಜ ಹೇಳಿದರೆ ಸಮಾಧಾನ ಹೇಳಲು ಬಂದವರೂ ನಗು ತಡೆಯಬೇಕಾಗುತ್ತದೆ. ಜಾರ್ಜ್‌ಳ ತಂಗಿ, ಪುಟ್ಟ ರೆಜ್ಜಿ, ಅಲ್ಲಿ ಇಲ್ಲಿ ಕದ್ದ ಕಮೋಡ್ ಸೀಟುಗಳನ್ನು ಮರಕ್ಕೆ ನೇತುಹಾಕುತ್ತಾಳೆ. ನೋಡುವಾಗ ನಗು ಬಂತು, ಆಮೇಲೆ ಗಂಟಲು ಕಟ್ಟಿತು.

ಸತ್ತ ಜಾರ್ಜ್ ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಇಲ್ಲ, ಯಮದೂತೆಯಾಗುತ್ತಾಳೆ. ಇಲ್ಲಿ ಚಿತ್ರಗುಪ್ತನ ಕಡತವಿಲ್ಲ. ಮೇಲಧಿಕಾರಿ ರೂಬ್ ವಾಫಲ್ ಹೋಟೆಲಿನ ಮೇಜಿನ ಮೇಲೆ ಹಳದಿ ಅಂಟುಚೀಟಿ ಹಂಚುತ್ತಾನೆ: ಹೆಸರು, ಜಾಗ, ಸಾಯುವ ಸಮಯ. ಸಂಬಳ ಮಾತ್ರ ಇಲ್ಲ. ಹೊಟ್ಟೆಪಾಡಿಗೆ ಜಾರ್ಜ್ ಹೋಗಿ ಸೇರುವುದು ಅದೇ ಹ್ಯಾಪಿ ಟೈಮ್‌ಗೆ! ಬದುಕಿದ್ದಾಗ ಅಮ್ಮನ ಮೇಲಿನ ಸಿಟ್ಟಿನಲ್ಲಿ ಕಾಲಿಟ್ಟ ಕಚೇರಿಗೆ ಈಗ ದಿನಾ ತಾನಾಗಿ ಹೋಗುತ್ತಾಳೆ. ನೋಡಲು ಅಮ್ಮನಿಲ್ಲ. ಇದ್ದರೂ ಗುರುತು ಸಿಗದು. ಬದುಕಿರುವವರಿಗೆ ಅವಳದು ಬೇರೆಯದೇ ಮುಖ.

ಅಮ್ಮ ಮಗಳ ಜಗಳಕ್ಕೆ ಇಷ್ಟು ಒಳ್ಳೆಯ ಕತೆ ನಾನು ಬೇರೆ ನೋಡಿಲ್ಲ. ಎದುರುತ್ತರ ಕೊಡುವ ದಾರಿ ಮುಚ್ಚಿದ ಮೇಲೆಯೇ ಜಾರ್ಜ್ ಅಮ್ಮನನ್ನು ಗಮನಿಸತೊಡಗುತ್ತಾಳೆ. ಜಾಯ್ ಪಾತ್ರದ ಸಿಂಥಿಯಾ ಸ್ಟೀವನ್‌ಸನ್ ಕೂಡ ತಾಯಿಯನ್ನು ಸುಲಭವಾಗಿ ಕರಗಿಸುವುದಿಲ್ಲ. ದುಃಖದಲ್ಲೂ ಆಕೆ ಬಿಗಿ, ಕಟುವಾಗಿಯೇ ಉಳಿಯುತ್ತಾಳೆ. ಮಗಳು ಸತ್ತಳೆಂದು ಅಮ್ಮನ ಸ್ವಭಾವ ಬದಲಾಗಬೇಕೇ?

ಶೋಟೈಮ್ ಚಾನೆಲ್‌ನಲ್ಲಿ 2003–04ರಲ್ಲಿ 29 ಕಂತು ಬಂದು ಧಾರಾವಾಹಿ ನಿಂತಿತು. ಫುಲ್ಲರ್ ಮೊದಲ ಸೀಸನ್ನಿನಲ್ಲೇ ಹೊರನಡೆದಿದ್ದ. ಧಾರಾವಾಹಿಯ ಮುಂದುವರಿಕೆಯಾಗಿ ಬಂದ 2009ರ ಸಿನಿಮಾದಲ್ಲಿ ರೂಬ್ ಪಾತ್ರದ ಮ್ಯಾಂಡಿ ಪಟಿನ್ಕಿನ್ ಇಲ್ಲ. ಅದರಲ್ಲಿ ಜಾರ್ಜ್ ತನ್ನ ಗುಟ್ಟನ್ನು ತಂಗಿಗೆ ಬಿಟ್ಟುಕೊಡುತ್ತಾಳೆ. ನನಗೆ ಅದು ಹಿಡಿಸಲಿಲ್ಲ. ಮೊದಲ ಸೀಸನ್ ಸಿಕ್ಕರೆ ಮಾತ್ರ ಬಿಡಬೇಡಿ.