ವಿಂಡೋಸ್‌ನಲ್ಲಿ ತೆರೆಯುವ ಡಿಸ್ಕ್ ಲಿನಕ್ಸ್‌ನಲ್ಲಿ ಏಕೆ ತೆರೆಯದು?

ಪ್ರಶ್ನೆ: ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಲಿನಕ್ಸ್‌ನಲ್ಲಿ ಮಾತ್ರ ಮೌಂಟ್ ಆಗುತ್ತಿಲ್ಲ. ಕೆಟ್ಟುಹೋಗಿದೆಯೇ?

ಉತ್ತರ: ಬಹುಶಃ ಇಲ್ಲ. ಅವಸರದಲ್ಲಿ ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಆದೇಶ ಕೊಡಿ. ಅದು ತೋರಿಸುವ ಪಟ್ಟಿಯಲ್ಲಿ ಡಿಸ್ಕ್ ಕಾಣದಿದ್ದರೆ ಕೇಬಲ್, ಪೋರ್ಟ್ ಬದಲಿಸಿ ನೋಡಿ. ಕಂಡರೆ, ಅನುಮಾನ ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಮೇಲೆ. ಡಿಸ್ಕನ್ನು ‘ಇಜೆಕ್ಟ್’ ಮಾಡದೆ ಎಳೆದರೆ, ಕೆಲಸ ಅರ್ಧಕ್ಕೆ ನಿಂತಿರಬಹುದು ಎಂಬ ಗುರುತು ಅದರಲ್ಲೇ ಉಳಿದುಬಿಡಬಹುದು. 2021ರಲ್ಲಿ ಲಿನಕ್ಸ್ ಕರ್ನಲ್ 5.15ಕ್ಕೆ ಸೇರಿದ ‘ಎನ್‌ಟಿಎಫ್‌ಎಸ್3’ ಡ್ರೈವರ್ ಆ ಗುರುತು ಕಂಡರೆ ಮೌಂಟ್ ಮಾಡಲು ಒಪ್ಪುವುದಿಲ್ಲ. ಈ ಹಟ ಸರಿಯೆಂದೇ ನನ್ನ ಅನಿಸಿಕೆ; ಅದರಿಂದ ಉಳಿಯುವುದು ನಿಮ್ಮ ಫೈಲ್‌ಗಳೇ ಅಲ್ಲವೇ? ಮತ್ತೆ ವಿಂಡೋಸ್‌ಗೇ ಜೋಡಿಸಿ, ‘ಚೆಕ್‌ಡಿಸ್ಕ್’ ನಡೆಸಿ, ಇಜೆಕ್ಟ್ ಮಾಡಿಯೇ ತೆಗೆಯಿರಿ. ಲಿನಕ್ಸ್‌ನ ‘ಎನ್‌ಟಿಎಫ್‌ಎಸ್‌ಫಿಕ್ಸ್’ ಸಣ್ಣಪುಟ್ಟ ದೋಷ ಸರಿಪಡಿಸೀತು, ಪೂರ್ತಿ ದುರಸ್ತಿ ಅದರಿಂದಾಗದು.