ಮಾಲ್‌ನಲ್ಲಿ ಕೊಟ್ಟ ದುಡ್ಡು ಯಾರ ಕೈಗೆ?

ಮೈಸೂರಿಗೆ ಬರುವ ನೆಂಟರಿಷ್ಟರು ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ಸಂಜೆಗೆ ಬೃಂದಾವನ ಅಂತ ಪಟ್ಟಿ ಹಾಕಿಕೊಂಡು ಬರುವುದು ಹಿಂದಿನಿಂದ ಬಂದ ರೂಢಿ. ಈಗ ಆ ಪಟ್ಟಿಗೆ ಮಾಲೂ ಸೇರಿಕೊಂಡಿದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾಗಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಉಳಿದ ಮೇಲಂತೂ ಹುಣಸೂರು, ನಂಜನಗೂಡು, ಕೆ.ಆರ್. ನಗರದ ಕಡೆಯವರು ತಿಂಡಿ ಮುಗಿಸಿ ಬಸ್ಸು ಹತ್ತಿ, ಮಾಲ್ ಸುತ್ತಿ, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆ ಸೇರುವುದೂ ಉಂಟು. ತಪ್ಪೇನಿಲ್ಲ. ನಾನೂ ಹೋಗುತ್ತೇನೆ. ಬೇಸಿಗೆಯಲ್ಲಿ ಎರಡು ಗಂಟೆ ತಣ್ಣಗೆ ಓಡಾಡಿ, ಏನೂ ಕೊಳ್ಳದೆ ವಾಪಸು ಬರುವ ಸುಖವೇ ಬೇರೆ. ಅದಕ್ಕಿಂತ ದೊಡ್ಡ ಸುಖ ಅಲ್ಲಿಯ ಚೊಕ್ಕಟವಾದ ಶೌಚಾಲಯ. ಪೇಟೆಗೆ ಹೋಗುವ ದಿನ ಬೆಳಗಿನಿಂದ ನೀರೇ ಕುಡಿಯದೆ ಇರುತ್ತಿದ್ದ ನಮ್ಮಂಥವರಿಗೆ ಅದರ ಬೆಲೆ ಗೊತ್ತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅರ್ಥಶಾಸ್ತ್ರ ನನಗೆ ಬರುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷದಿಂದ ಮನೆಯ ಖರ್ಚಿನ ಪುಸ್ತಕ ಬರೆಯುತ್ತಿದ್ದೇನೆ. ಹಾಲಿನವನಿಗೆ ಎಷ್ಟು, ಸೊಪ್ಪಿನವಳಿಗೆ ಎಷ್ಟು, ಇಸ್ತ್ರಿಯವನಿಗೆ ಎಷ್ಟು ಎಂದು ಬರೆಯುವಾಗ ಆ ಮುಖಗಳು ಕಣ್ಣ ಮುಂದೆ ಬರುತ್ತವೆ. ಮಾಲ್‌ನ ಬಿಲ್ಲು ಬರೆಯುವಾಗ ಮಾತ್ರ ಯಾರ ಮುಖವೂ ಬರುವುದಿಲ್ಲ. ಈ ದುಡ್ಡು ಯಾರ ಕೈ ಸೇರಿತು? ಸೋದರಿಯರೇ, ಆ ದಾರಿ ಹಿಡಿದು ಸ್ವಲ್ಪ ದೂರ ಹೋಗಿ ನೋಡೋಣ ಬನ್ನಿ.

ನಮ್ಮ ಹಳೆಯ ಮಾಲ್

ಒಂದೇ ಆವರಣದಲ್ಲಿ ನೂರಾರು ಅಂಗಡಿ ಎಂಬುದು ಮೈಸೂರಿಗೆ ಹೊಸತಲ್ಲ. ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆ ಒಡೆಯರ ಕಾಲದ್ದು. ಎಂಟುನೂರಕ್ಕೂ ಹೆಚ್ಚು ಅಂಗಡಿ. ಅರಿಸಿನ ಕುಂಕುಮದ ಗೋಪುರಗಳು, ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಹೂವಿನವರ ಕೂಗು. ಗೌರಿ ಹಬ್ಬದ ಹಿಂದಿನ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇನ್ನು ದಸರಾ ವಸ್ತುಪ್ರದರ್ಶನ. ಅಲ್ಲಿ ತೊಟ್ಟಿಲಿನಲ್ಲಿ ಕೂತು ಕಿರುಚಿ, ಮಳಿಗೆಯಲ್ಲಿ ಬಳೆ ಕೊಂಡು, ದೊಡ್ಡ ಹಪ್ಪಳ ತಿಂದು ಬರುವುದು ವರ್ಷಕ್ಕೊಮ್ಮೆ ಬರುವ ಮಾಲ್ ಅಲ್ಲದೆ ಮತ್ತೇನು?

ಹೊಸ ಬಗೆಯ ಮಾಲ್ ಹುಟ್ಟಿದ್ದು ಅಮೆರಿಕದಲ್ಲಿ. 1956ರಲ್ಲಿ ಮಿನೆಸೋಟಾ ಎಂಬ ಚಳಿ ರಾಜ್ಯದಲ್ಲಿ ವಿಕ್ಟರ್ ಗ್ರುಯೆನ್ ಎಂಬ ವಾಸ್ತುಶಿಲ್ಪಿ ‘ಸೌತ್‌ಡೇಲ್’ ಎಂಬ ಪೂರಾ ಮುಚ್ಚಿದ ಅಂಗಡಿ ಸಂಕೀರ್ಣ ಕಟ್ಟಿದ. ಹಳೆಯ ಊರುಗಳ ಪೇಟೆ ಬೀದಿಯಂತೆ ಜನ ಕೂಡುವ ಜಾಗವಾಗಲಿ ಎಂಬುದು ಅವನ ಆಸೆ. ಕಡೆಗೆ ಮಾಲ್‌ಗಳು ಬೆಳೆದ ರೀತಿ ನೋಡಿ ಅವನಿಗೇ ಬೇಸರ ಬಂದು, ಇವು ತನ್ನ ಮಕ್ಕಳಲ್ಲ ಎನ್ನುವ ಮಟ್ಟಕ್ಕೆ ಹೋದ. ನಮ್ಮ ರಾಜ್ಯದಲ್ಲಿ ಮಾಲ್‌ನ ಹುಚ್ಚು ಹತ್ತಿಸಿದ್ದು 2004ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ತೆರೆದ ‘ಫೋರಂ’. ಮೈಸೂರಿಗೆ ಬರಲು ಮತ್ತೆ ಕೆಲವು ವರ್ಷ ಹಿಡಿಯಿತು. 2011ರ ಜನಗಣತಿಯಲ್ಲಿ ಊರಿನ ಜನ 9 ಲಕ್ಷ ದಾಟಿದ್ದರು. ಹೆಬ್ಬಾಳದ ಕಡೆ ಇನ್ಫೋಸಿಸ್‌ನ ತರಬೇತಿ ಕೇಂದ್ರಕ್ಕೆ ದೇಶದ ಎಲ್ಲ ಮೂಲೆಯ ಹುಡುಗ ಹುಡುಗಿಯರು ಬಂದಿಳಿಯುತ್ತಿದ್ದರು. ಕೈಯಲ್ಲಿ ಮೊದಲ ಸಂಬಳ, ಶನಿವಾರ ಭಾನುವಾರ ರಜ. ಬಂಡವಾಳಗಾರರ ಮೂಗಿಗೆ ಈ ವಾಸನೆ ಹತ್ತದೆ ಇರುತ್ತದೆಯೇ? ಜಯಲಕ್ಷ್ಮೀಪುರಂನಲ್ಲಿ ‘ಬಿ.ಎಂ. ಹ್ಯಾಬಿಟ್ಯಾಟ್’, ರೇಸ್‌ಕೋರ್ಸ್ ಕಡೆ ‘ಮಾಲ್ ಆಫ್ ಮೈಸೂರ್’, ನಜರ್‌ಬಾದ್‌ನಲ್ಲಿ ‘ಫೋರಂ ಸೆಂಟರ್ ಸಿಟಿ’ ಎದ್ದು ನಿಂತವು.

ಬಾಡಿಗೆಯ ಲೆಕ್ಕ

ಮಾಲ್ ಕಟ್ಟಿದವರು ಸಾಮಾನ್ಯವಾಗಿ ಸಾಮಾನು ಮಾರುವುದಿಲ್ಲ. ಅವರು ಮಾರುವುದು ಜಾಗವನ್ನು, ಇನ್ನೂ ಸರಿಯಾಗಿ ಹೇಳಬೇಕೆಂದರೆ ಅಲ್ಲಿ ಓಡಾಡುವ ನಮ್ಮನ್ನು. ಎಷ್ಟು ಜನ ಬಾಗಿಲು ದಾಟಿ ಒಳಗೆ ಬಂದರು ಎಂಬ ಲೆಕ್ಕ ಇಟ್ಟಿರುತ್ತಾರೆ. ಆ ಲೆಕ್ಕ ತೋರಿಸಿಯೇ ಅಂಗಡಿಯವರ ಹತ್ತಿರ ಬಾಡಿಗೆ ಮಾತಾಡುವುದು. ದೊಡ್ಡ ಬಟ್ಟೆ ಮಳಿಗೆ, ದೊಡ್ಡ ದಿನಸಿ ಮಳಿಗೆ, ಸಿನಿಮಾ ಮಂದಿರ ಇವುಗಳಿಗೆ ಚದರಡಿಗೆ ಬಾಡಿಗೆ ಕಡಿಮೆ, ಏಕೆಂದರೆ ಜನರನ್ನು ಎಳೆದು ತರುವವರು ಅವರು. ಅವರ ನೆರಳಲ್ಲಿ ನಿಂತ ಪುಟ್ಟ ಅಂಗಡಿಗಳಿಗೆ ಚದರಡಿ ಬಾಡಿಗೆ ಜಾಸ್ತಿ. ಎಷ್ಟೋ ಕಡೆ ಕರಾರು ಹೀಗಿರುತ್ತದೆ: ತಿಂಗಳಿಗೆ ಇಂತಿಷ್ಟು ಕನಿಷ್ಠ ಬಾಡಿಗೆ, ಇಲ್ಲವೆ ವ್ಯಾಪಾರದಲ್ಲಿ ಶೇಕಡಾ ಇಷ್ಟು ಪಾಲು, ಎರಡರಲ್ಲಿ ಯಾವುದು ಹೆಚ್ಚೋ ಅದು. ಇದರ ಮೇಲೆ ತಂಪುಗಾಳಿ, ದೀಪ, ಕಸ ಗುಡಿಸುವುದು, ಕಾವಲು ಇವಕ್ಕೆಲ್ಲ ಬೇರೆ ವಂತಿಗೆ. ನೀವು ಕೊಂಡ ಚೂಡಿದಾರದ ಬೆಲೆಯಲ್ಲಿ ಇದಿಷ್ಟೂ ಅಡಗಿ ಕೂತಿದೆ.

ಸಿನಿಮಾ, ತಿಂಡಿ ಅಂಗಡಿಗಳನ್ನು ಮೇಲಿನ ಮಹಡಿಯಲ್ಲೇ ಏಕೆ ಇಡುತ್ತಾರೆ ಅಂತ ಕೇಳಿ ನೋಡಿ. ಮೇಲೆ ಹೋಗುವಾಗ, ಕೆಳಗಿಳಿಯುವಾಗ ಎಲ್ಲ ಅಂಗಡಿ ದಾಟಲೇಬೇಕು. ಒಂದು ಎಸ್ಕಲೇಟರ್ ಇಳಿದರೆ ಮುಂದಿನದು ಆ ತುದಿಯಲ್ಲಿ! ಗೋಡೆಯಲ್ಲಿ ಗಡಿಯಾರ ಇಲ್ಲ, ಕಿಟಕಿ ಇಲ್ಲ, ಹೊರಗೆ ಕತ್ತಲಾಯಿತೋ ಮಳೆ ಬಂತೋ ತಿಳಿಯುವುದಿಲ್ಲ. ಕಣ್ಣಿಗೆ ಹಬ್ಬ, ಪರ್ಸಿಗೆ ಏಕಾದಶಿ. ನಮ್ಮ ಮನೆಯವರಂತೂ ಒಳಗೆ ಹೋಗುವ ಮುಂಚೆಯೇ ಕೈಗಡಿಯಾರ ನೋಡಿಕೊಂಡು ‘ಒಂದೂವರೆ ಗಂಟೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ.

ಮುಂದಿನ ಕಥೆ ಇನ್ನೂ ಸ್ವಾರಸ್ಯ. ಫೋರಂ ಸೆಂಟರ್ ಸಿಟಿ ಬೆಂಗಳೂರಿನ ಪ್ರೆಸ್ಟೀಜ್ ಸಂಸ್ಥೆಯದಾಗಿತ್ತು. 2021ರಲ್ಲಿ ಆ ಸಂಸ್ಥೆಯ ಹಲವು ಮಾಲ್‌ಗಳ ಜೊತೆ ಇದೂ ಅಮೆರಿಕದ ಬ್ಲ್ಯಾಕ್‌ಸ್ಟೋನ್ ಎಂಬ ಹಣಕಾಸು ಸಂಸ್ಥೆಯ ಕೈಗೆ ಹೋಯಿತು. ಬೋರ್ಡು ಬದಲಾಗಿ ‘ನೆಕ್ಸಸ್ ಸೆಂಟರ್ ಸಿಟಿ’ ಆಯಿತು. 2023ರ ಮೇ ತಿಂಗಳಲ್ಲಿ 14 ಊರುಗಳ 17 ಮಾಲ್‌ಗಳನ್ನು ಒಂದೇ ಗಂಟಾಗಿ ಕಟ್ಟಿ ಷೇರುಪೇಟೆಗೆ ತಂದರು. ಇದಕ್ಕೆ ‘ರೀಟ್’ ಎಂದು ಹೆಸರು. ಮಾಲ್‌ಗಳ ಮೇಲೆ ತಂದ ಇಂಥ ರೀಟ್ ನಮ್ಮ ದೇಶದಲ್ಲಿ ಇದೇ ಮೊದಲನೆಯದು. ಒಂದು ಯೂನಿಟ್ಟಿಗೆ 100 ರೂಪಾಯಿಯಂತೆ ಮಾರಿ 3,200 ಕೋಟಿ ರೂಪಾಯಿ ಎತ್ತಿದರು.

ಅರ್ಥವಾಗುವ ಹಾಗೆ ಹೇಳುತ್ತೇನೆ. ಹತ್ತು ಮನೆಯವರು ಸೇರಿ ಒಂದು ವಠಾರ ಕೊಂಡು, ಬರುವ ಬಾಡಿಗೆಯನ್ನು ಹಾಕಿದ ದುಡ್ಡಿಗೆ ತಕ್ಕಂತೆ ಹಂಚಿಕೊಂಡರೆ ಹೇಗೋ ಹಾಗೆ. ಹಂಚಲು ಸಿಗುವ ಹಣದಲ್ಲಿ ಶೇಕಡಾ 90ಕ್ಕೆ ಕಡಿಮೆಯಿಲ್ಲದಂತೆ ಯೂನಿಟ್‌ದಾರರಿಗೆ ಹಂಚಲೇಬೇಕೆಂಬುದು ರೀಟ್‌ಗೆ ಹಾಕಿರುವ ನಿಯಮ. ಅಂದರೆ ನಜರ್‌ಬಾದ್‌ನ ಅಂಗಡಿಯಲ್ಲಿ ನೀವು ಬಿಲ್ಲು ಮಾಡಿಸಿದ ದುಡ್ಡಿನಲ್ಲಿ ಬಾಡಿಗೆಯ ಪಾಲು ಅಹಮದಾಬಾದಿನ ನಿವೃತ್ತರಿಗೂ ಹೋಗಬಹುದು, ಅಮೆರಿಕಕ್ಕೂ ಹೋಗಬಹುದು. ಮೈಸೂರಿನ ಯಾರಾದರೂ ಯೂನಿಟ್ ಕೊಂಡಿದ್ದರೆ ಅವರಿಗೂ ಬರಬಹುದು ಅನ್ನಿ. ಸಾಮಾನಿನ ಲಾಭ ಬ್ರ್ಯಾಂಡಿನ ಕಂಪನಿಗೆ, ಅದು ಬಹುಪಾಲು ಮುಂಬಯಿ, ದೆಹಲಿ, ಬೆಂಗಳೂರು. ಹಾಗಾದರೆ ಮೈಸೂರಿಗೆ ಉಳಿಯುವುದೇನು? ಕಟ್ಟಡದ ತೆರಿಗೆ ಪಾಲಿಕೆಗೆ, ಜಿ.ಎಸ್.ಟಿ.ಯಲ್ಲಿ ರಾಜ್ಯದ ಪಾಲು, ಆಟೋದವರ ಬಾಡಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಕೆಲಸ ಮಾಡುವವರ ಸಂಬಳ.

ದೇವರಾಜ ಮಾರುಕಟ್ಟೆಯ ಲೆಕ್ಕ ತಿರುಗಾಮುರುಗ. ಕಟ್ಟಡ ಪಾಲಿಕೆಯದು, ಬಾಡಿಗೆ ಊರಿನ ಬೊಕ್ಕಸಕ್ಕೆ. ಬೆಳೆದವನು ಸುತ್ತಲ ತಾಲ್ಲೂಕಿನವನು. ಲಾಭ ಬಂದರೆ ಅಂಗಡಿಯವನು ಇಲ್ಲೇ ಮನೆ ಕಟ್ಟುತ್ತಾನೆ, ಇಲ್ಲೇ ಮಗಳ ಮದುವೆ ಮಾಡುತ್ತಾನೆ. ಆದರೆ ಊರಿನ ಸೊತ್ತು ಎಂದು ಹೇಳಿಕೊಳ್ಳುವುದಕ್ಕೂ ಅದನ್ನು ನೋಡಿಕೊಳ್ಳುವುದಕ್ಕೂ ವ್ಯತ್ಯಾಸ ಇದೆಯಲ್ಲ! 2012ರ ಆಗಸ್ಟ್ 25ರಂದು ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಕಟ್ಟಬೇಕೋ, ರಿಪೇರಿ ಮಾಡಿ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆದು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಈ ಜಗ್ಗಾಟದ ನಡುವೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತವಳ ಗತಿ ಕೇಳುವವರು ಯಾರು? ಮಾಲ್ ಬಂದದ್ದರಿಂದ ಮಾರುಕಟ್ಟೆ ಹಾಳಾಯಿತು ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಾಲ್‌ನಲ್ಲಿ ಯಾರೂ ಮೊಳ ಲೆಕ್ಕದಲ್ಲಿ ಮಲ್ಲಿಗೆ ಕೊಳ್ಳುವುದಿಲ್ಲ. ಪೆಟ್ಟು ಬಿದ್ದದ್ದು ಸಿದ್ಧ ಉಡುಪಿನ, ಚಪ್ಪಲಿಯ, ಮಕ್ಕಳ ಆಟಿಕೆಯ ಸಣ್ಣ ಅಂಗಡಿಗಳಿಗೆ. ಅವರನ್ನು ಮೊದಲು ಮಾಲ್ ತಳ್ಳಿತು, ಆಮೇಲೆ ಮೊಬೈಲ್ ಫೋನಿನ ವ್ಯಾಪಾರ ಇಬ್ಬರನ್ನೂ ತಳ್ಳತೊಡಗಿತು.

ನಿಂತೇ ದುಡಿಯುವ ಹುಡುಗಿಯರು

ನಮ್ಮ ಬೀದಿಯ ಹುಡುಗಿಯೊಬ್ಬಳು ಪಿ.ಯು.ಸಿ. ಮುಗಿಸಿ ಒಂದು ಬಟ್ಟೆ ಅಂಗಡಿಗೆ ಸೇರಿದಳು. ಯಾವ ಮಾಲ್, ಯಾವ ಅಂಗಡಿ ಎಂಬುದು ಬೇಡ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ, ತಮ್ಮನಿಗೆ ಬ್ಯಾಗು. ಮನೆಯಲ್ಲಿ ಅವಳ ಮಾತಿಗೆ ತೂಕ ಬಂತು, ‘ಇನ್ನೆರಡು ವರ್ಷ ನನಗೆ ಮದುವೆ ಬೇಡ’ ಅಂತ ಅಪ್ಪನ ಎದುರು ನಿಂತು ಹೇಳಿದಳು. ಅವಳ ಅಮ್ಮ ನನ್ನ ಹತ್ತಿರ ಇದನ್ನು ದೂರಿನ ಹಾಗೆ ಹೇಳಿದರೂ ದನಿಯಲ್ಲಿ ಹೆಮ್ಮೆಯಿತ್ತು. ಆದರೆ ರಾತ್ರಿ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಾಳೆ. ಗಿರಾಕಿ ಇರಲಿ ಬಿಡಲಿ, ಕೂರುವ ಹಾಗಿಲ್ಲ. ಹಬ್ಬದ ಸೇಲ್ ಬಂದರೆ ವಾರದ ರಜವೂ ಇಲ್ಲ.

ಕೇರಳದಲ್ಲಿ ಸೀರೆ ಅಂಗಡಿಯ ಹೆಣ್ಣುಮಕ್ಕಳು ಇದೇ ಕಷ್ಟಕ್ಕೆ ಸಂಘ ಕಟ್ಟಿ ಹೋರಾಡಿದರು. ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಹೊತ್ತಿದ ಕಿಡಿ ಅದು. 2018ರಲ್ಲಿ ಅಲ್ಲಿಯ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು, ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ಆಸನ ಕೊಡಲೇಬೇಕು ಎಂದಿತು. 2021ರಲ್ಲಿ ತಮಿಳುನಾಡೂ ಇಂಥದೇ ಕಾನೂನು ಮಾಡಿತು. ಒಂದು ಸ್ಟೂಲಿಗಾಗಿ ಕಾನೂನು! ನಗು ಬರಬಹುದು, ಹತ್ತು ಗಂಟೆ ನಿಂತು ನೋಡಿದವರಿಗೆ ಬರುವುದಿಲ್ಲ.

ನಮ್ಮ ರಾಜ್ಯದ 1961ರ ಅಂಗಡಿ ಕಾಯಿದೆ ದುಡಿಮೆಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಹಾಕಿತು. 2021ರ ಜನವರಿಯಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳನ್ನು ಹಗಲೂ ರಾತ್ರಿ ತೆರೆಯಲು ಒಪ್ಪಿಗೆ ಕೊಟ್ಟಾಗ, ಹೆಣ್ಣುಮಕ್ಕಳನ್ನು ರಾತ್ರಿ 8ರ ನಂತರ ದುಡಿಸಬೇಕಾದರೆ ಅವರ ಬರವಣಿಗೆಯ ಒಪ್ಪಿಗೆ ಬೇಕು, ಮನೆಗೆ ತಲುಪುವ ವಾಹನದ ಏರ್ಪಾಡು ಬೇಕು ಎಂದೂ ಸರ್ಕಾರ ಹೇಳಿತು. ನಿಮ್ಮ ಮಗಳೋ ನಾದಿನಿಯೋ ಇಂಥ ಕೆಲಸಕ್ಕೆ ಸೇರುವುದಾದರೆ ನೇಮಕದ ಪತ್ರ ಕೈಗೆ ಬರಲಿ. ಪಿ.ಎಫ್., ಇ.ಎಸ್.ಐ. ಇದೆಯೇ, ಸಂಬಳ ಕೊಡುವವರು ಅಂಗಡಿಯವರೋ ನಡುವಿನ ಗುತ್ತಿಗೆದಾರರೋ, ಕೇಳಿ ತಿಳಿದುಕೊಳ್ಳಿ. ಕಾವಲಿನವರು, ನೆಲ ಒರೆಸುವವರು ಹೆಚ್ಚಾಗಿ ಗುತ್ತಿಗೆಯವರೇ. 2020ರ ಮಾರ್ಚ್‌ನಲ್ಲಿ ಕೊರೋನ ಬಂದು ಮಾಲ್‌ಗಳಿಗೆ ಬೀಗ ಬಿದ್ದಾಗ, ಮತ್ತೆ 2021ರ ಬೇಸಿಗೆಯಲ್ಲಿ ಬಿದ್ದಾಗ, ಇಂಥ ಕಾಗದ ಪತ್ರ ಇಲ್ಲದವರಿಗೆ ಕೇಳಲು ಬಾಯಿಯೇ ಇರಲಿಲ್ಲ.

ಪಂಚೆಯುಟ್ಟ ಅಪ್ಪ

ಮಾಲ್ ಎಲ್ಲರಿಗೂ ತೆರೆದ ಬಾಗಿಲು ಎನ್ನುತ್ತೇವೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ರಾಜ್ಯವೆಲ್ಲ ಸಿಡಿದೆದ್ದಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಆ ಮಾಲ್‌ಗೆ ಏಳು ದಿನ ಬೀಗ ಹಾಕಿಸುವುದಾಗಿ ಸರ್ಕಾರ ಹೇಳಿತು. ಬಾಕಿ ಇದ್ದ ಆಸ್ತಿ ತೆರಿಗೆಯ ವಿಷಯವೂ ಆಗಲೇ ಹೊರಬಂದದ್ದು. ಊರಿನಿಂದ ಮಾವನವರೋ ಅಪ್ಪನೋ ಬಂದಾಗ ‘ಪ್ಯಾಂಟು ಹಾಕಿಕೊಳ್ಳಿ’ ಅಂತ ನಾವೇ ಒತ್ತಾಯಿಸುವುದುಂಟು. ಬೇಡ. ಪಂಚೆಯಲ್ಲೇ ಕರೆದುಕೊಂಡು ಹೋಗಿ. ಬಾಗಿಲಲ್ಲಿ ಯಾರಾದರೂ ತಡೆದರೆ ಮೇಲಿನವರನ್ನು ಕರೆಸಿ ಅಂತ ಅಲ್ಲೇ ನಿಲ್ಲಿ.

ಇನ್ನೆರಡು ಮಾತು. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಮಾಲ್ ಎಂಬ ಕಾರಣಕ್ಕೆ ಅಂಗಡಿಯವರು ಅದರ ಮೇಲೆ ಒಂದು ರೂಪಾಯಿಯೂ ಹೆಚ್ಚು ಕೇಳುವ ಹಾಗಿಲ್ಲ; ಕೂರಿಸಿ ಬಡಿಸುವ ಹೋಟೆಲಿನ ಮಾತು ಬೇರೆ. ಬಿಲ್ಲು ಹಾಕುವ ಹೊತ್ತಿಗೆ ಚೀಲಕ್ಕೂ ದುಡ್ಡು ಹಿಡಿಯುವ ಚಾಳಿ ಇತ್ತಲ್ಲ, ಅದರ ಮೇಲೆ 2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ತೀರ್ಪು ಕೊಟ್ಟಿತು. ‘ಬಿಗ್ ಬಜಾರ್’ ವಿರುದ್ಧ ಬಂದ ದೂರು ಅದು. ಮೊದಲೇ ತಿಳಿಸದೆ ಕೌಂಟರಿನಲ್ಲಿ ಚೀಲದ ಬೆಲೆ ಸೇರಿಸುವುದು ಸರಿಯಾದ ವ್ಯಾಪಾರವಲ್ಲ ಎಂದಿತು. ಮನೆಯಿಂದ ಒಂದು ಬಟ್ಟೆ ಚೀಲ ಮಡಿಸಿ ಒಯ್ದರೆ ಈ ಜಗಳವೇ ಇಲ್ಲ ಅನ್ನಿ. ಬಿಲ್ಲನ್ನು ಮಾತ್ರ ಬಿಸಾಡಬೇಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಹೇಳಬಹುದು. ಅದಕ್ಕೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ದೂರಿನ ಶುಲ್ಕವಿಲ್ಲ, ವಕೀಲರೂ ಬೇಕೇ ಬೇಕು ಎಂದಿಲ್ಲ.