ಎಸ್ಪಿ ಸಾಹೇಬರ ಪೇ ಸ್ಲಿಪ್ ಓದುವುದು ಹೇಗೆ?

ಜಿಲ್ಲಾ ಎಸ್ಪಿ ಎಂದರೆ ಜನರ ಕಣ್ಣಿಗೆ ಬೀಳುವುದು ಬಂಗಲೆ, ಗಾಡಿ, ಗನ್‌ಮ್ಯಾನ್. ಸಂಬಳದ ಮಾತು ಬಂದರೆ ‘ಲಕ್ಷದ ಮೇಲೆ’ ಎನ್ನುವಲ್ಲಿಗೆ ಚರ್ಚೆ ಮುಗಿಯುತ್ತದೆ. ಆ ಲಕ್ಷ ಹೇಗೆ ಕೂಡಿಬರುತ್ತದೆ, ಬ್ಯಾಂಕ್ ಖಾತೆ ಸೇರುವ ಮೊದಲು ಎಲ್ಲೆಲ್ಲಿ ಕಟಾವಣೆ ಆಗುತ್ತದೆ ಎಂಬುದು ಎಷ್ಟೋ ಅಧಿಕಾರಿಗಳಿಗೇ ಸ್ಪಷ್ಟವಿರುವುದಿಲ್ಲ. ಕೇಸ್ ಡೈರಿಯ ಒಂದೊಂದು ಸಾಲನ್ನೂ ಪ್ರಶ್ನಿಸುವವರು ತಮ್ಮ ಪೇ ಸ್ಲಿಪ್‌ನಲ್ಲಿ ಕೊನೆಯ ಮೊತ್ತವನ್ನಷ್ಟೇ ನೋಡಿ ಮುಂದಕ್ಕೆ ಹೋಗುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಐಪಿಎಸ್ ಅಧಿಕಾರಿಯೊಬ್ಬರು ಏಳನೇ ಕೇಂದ್ರ ವೇತನ ಆಯೋಗದ ಪಟ್ಟಿಯಲ್ಲಿ 12ನೇ ಹಂತದ ಮೊದಲ ಮೆಟ್ಟಿಲಲ್ಲಿದ್ದಾರೆ ಎಂದುಕೊಳ್ಳಿ. ಮೂಲ ವೇತನ 78,800 ರೂಪಾಯಿ. ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದರೂ ಐಪಿಎಸ್ ಅಖಿಲ ಭಾರತ ಸೇವೆಯಾದ್ದರಿಂದ ತುಟ್ಟಿಭತ್ಯೆ ಕೇಂದ್ರದ ದರದಲ್ಲಿ ಸಿಗುತ್ತದೆ. 2025ರ ಜುಲೈನಲ್ಲಿ ಅದು ಶೇ 58 ಆಯಿತು, ಅಂದರೆ 45,704 ರೂಪಾಯಿ. ಎರಡೂ ಸೇರಿ 1,24,504. ಸರ್ಕಾರಿ ವಸತಿಗೃಹದಲ್ಲಿ ಇರುವವರಿಗೆ ಮನೆ ಬಾಡಿಗೆ ಭತ್ಯೆ ಇಲ್ಲ.

ಈಗ ಕಟಾವಣೆ. 2004ರ ಜನವರಿ 1ರ ನಂತರ ಸೇವೆಗೆ ಸೇರಿದ ಈ ಅಧಿಕಾರಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿ (ಎನ್‌ಪಿಎಸ್) ಇದ್ದಾರೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10, ಅಂದರೆ 12,450 ರೂಪಾಯಿ ಅಲ್ಲಿಗೆ ಹೋಗುತ್ತದೆ. ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. ಲೆಕ್ಕ ಸುಲಭವಾಗಲೆಂದು ತುಟ್ಟಿಭತ್ಯೆ ವರ್ಷವಿಡೀ ಇಷ್ಟೇ ಎಂದುಕೊಂಡರೆ, 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ತಿಂಗಳಿಗೆ ಸುಮಾರು 8,050. ಕೈಗೆ ಬರುವುದು ಹತ್ತಿರಹತ್ತಿರ 1,03,800. ಗುಂಪು ವಿಮೆ, ವಸತಿಗೃಹದ ಶುಲ್ಕ, ಸಾಲದ ಕಂತುಗಳನ್ನು ಇದರಲ್ಲೂ ಕಳೆಯಬೇಕು.

ಪೇ ಸ್ಲಿಪ್‌ಗೂ ವರ್ಷದ ಸಂಬಳ, ತೆರಿಗೆಯ ಪ್ರಮಾಣಪತ್ರವಾದ ಫಾರಂ 16ಕ್ಕೂ ತಾಳೆಯಾಗುತ್ತಿಲ್ಲ ಎಂಬ ದೂರು ಸಾಮಾನ್ಯ. ಅಧಿಕಾರಿಯ ಶೇ 10ರ ಜತೆಗೆ ಸರ್ಕಾರ ತನ್ನ ಪಾಲಿನ ಶೇ 14ನ್ನೂ ಎನ್‌ಪಿಎಸ್‌ಗೆ ಕಟ್ಟುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ವರ್ಷಕ್ಕೆ 2,09,167 ರೂಪಾಯಿ. ಕಾಯ್ದೆಯ ಪ್ರಕಾರ ಈ ಹಣವನ್ನು ಮೊದಲು ಸಂಬಳಕ್ಕೆ ಕೂಡಿಸಿ, ಆಮೇಲೆ 80ಸಿಸಿಡಿ(2) ಅಡಿ ಕಳೆಯಬೇಕು. ಕೂಡಿಸಿದ ಮೇಲೆ ಕಳೆಯುವುದನ್ನು ಮರೆತರೆ, ಕೈಗೇ ಬಾರದ ಎರಡು ಲಕ್ಷಕ್ಕೆ ತೆರಿಗೆ ಕಟ್ಟಿದಂತೆ. ಈ ವಿನಾಯಿತಿ ಹೊಸ ಪದ್ಧತಿಯಲ್ಲೂ ಇದೆ. ಫಾರಂ 16 ಕೈಗೆ ಬಂದಾಗ ಮೊದಲು ನೋಡಬೇಕಾದ ಸಾಲು ಇದು.

ಹಳೆ ಪದ್ಧತಿಯೋ ಹೊಸದೋ ಎಂಬ ಪ್ರಶ್ನೆಗೆ ಈ ಅಧಿಕಾರಿಯ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಹೊಸದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು ಉಳಿಯುವ 14,19,048ಕ್ಕೆ ಸೆಸ್ ಸೇರಿ ವರ್ಷದ ತೆರಿಗೆ 96,571. ಹಳೆಯದರಲ್ಲಿ 80ಸಿ ಅಡಿ ಒಂದೂವರೆ ಲಕ್ಷ, ಎನ್‌ಪಿಎಸ್‌ನ ಹೆಚ್ಚುವರಿ 50,000, ವೃತ್ತಿ ತೆರಿಗೆ, ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಎಲ್ಲವನ್ನೂ ಕಳೆದ ಮೇಲೂ ತೆರಿಗೆ 1,92,000 ದಾಟುತ್ತದೆ. ಗೃಹಸಾಲದ ಬಡ್ಡಿ ಎರಡು ಲಕ್ಷ ತೋರಿಸಿದರೂ 1,30,000ದ ಹತ್ತಿರ ನಿಲ್ಲುತ್ತದೆ. ಹಳೆ ಪದ್ಧತಿಯಲ್ಲಿ ಸಂಬಳದಾರರಿಗೆ ದೊಡ್ಡ ಆಸರೆಯಾಗಿದ್ದದ್ದು ಮನೆ ಬಾಡಿಗೆ ಭತ್ಯೆಯ ವಿನಾಯಿತಿ. ವಸತಿಗೃಹದಲ್ಲಿರುವವರಿಗೆ ಅದು ಸಿಗುವುದೇ ಇಲ್ಲ. ಸಮವಸ್ತ್ರ ಭತ್ಯೆಗೆ ಹಳೆಯದರಲ್ಲಿದ್ದ ವಿನಾಯಿತಿ ಹೊಸದರಲ್ಲಿಲ್ಲ, ನಿಜ. ಆದರೆ ಅದೊಂದಕ್ಕಾಗಿ ಹಳೆಯದಕ್ಕೆ ಅಂಟಿಕೊಳ್ಳುವುದರಲ್ಲಿ ಅರ್ಥವಿಲ್ಲ.

ವಸತಿಗೃಹದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಖಾಸಗಿ ಕಂಪನಿ ಮನೆ ಕೊಟ್ಟರೆ ಸಂಬಳದ ಇಂತಿಷ್ಟು ಪಾಲನ್ನು ಅದರ ಮೌಲ್ಯವೆಂದು ಹಿಡಿದು ತೆರಿಗೆ ಹಾಕುತ್ತಾರೆ. ಸರ್ಕಾರಿ ನೌಕರರಿಗೆ ಸರ್ಕಾರ ನಿಗದಿ ಮಾಡಿದ ಶುಲ್ಕವೇ ಮನೆಯ ಮೌಲ್ಯ. ನೌಕರರು ಆ ಶುಲ್ಕ ಕಟ್ಟುತ್ತಿದ್ದರೆ ಮನೆಯ ಲೆಕ್ಕದಲ್ಲಿ ತೆರಿಗೆಯೇ ಇಲ್ಲ. ಹಿರಿಯ ಅಧಿಕಾರಿಯ ಬಹು ದೊಡ್ಡ ಸೌಲಭ್ಯ ಪೇ ಸ್ಲಿಪ್‌ನಲ್ಲಿ ಕಾಣುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು.

ಪೊಲೀಸ್ ಅಧಿಕಾರಿಗಳಿಗೆ ನಿಜವಾದ ಪೆಟ್ಟು ಬೀಳುವುದು ವರ್ಗಾವಣೆಯ ವರ್ಷದಲ್ಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಜಿಲ್ಲೆಯಲ್ಲಿದ್ದು ಅಕ್ಟೋಬರ್‌ನಲ್ಲಿ ಕೇಂದ್ರ ಸೇವೆಗೆ ನಿಯೋಜನೆ ಮೇಲೆ ಹೋದವರನ್ನು ನೋಡಿ. ಮೊದಲ ಬಟವಾಡೆ ಅಧಿಕಾರಿ ಇಡೀ ವರ್ಷದ ಆದಾಯ ಅಂದಾಜು ಮಾಡಿ ಆರು ತಿಂಗಳ ತೆರಿಗೆ (ಟಿಡಿಎಸ್) ಹಿಡಿದಿರುತ್ತಾರೆ. ಎರಡನೆಯವರ ಮುಂದಿರುವುದು ಆರೇ ತಿಂಗಳ ಏಳೂವರೆ ಲಕ್ಷ. 12 ಲಕ್ಷದವರೆಗಿನ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ರಿಯಾಯಿತಿ ಇರುವುದರಿಂದ ಅವರ ಲೆಕ್ಕದಲ್ಲಿ ತೆರಿಗೆ ಸೊನ್ನೆ! ಅಕ್ಟೋಬರ್‌ನಿಂದ ಕೈಗೆ ತುಸು ಹೆಚ್ಚು ಹಣ ಬಂತೆಂದು ಮನೆಯವರು ಸಂತೋಷಪಡುತ್ತಾರೆ. ರಿಟರ್ನ್ ಸಲ್ಲಿಸುವಾಗ ಎರಡೂ ಸಂಬಳ ಒಟ್ಟುಗೂಡಿ 48,000 ರೂಪಾಯಿ ಬಾಕಿ ಎದ್ದು ನಿಲ್ಲುತ್ತದೆ, ಅದರ ಮೇಲೆ ತಿಂಗಳಿಗೆ ಶೇ 1ರ ಬಡ್ಡಿ. ಇದು ಯಾರ ಮೋಸವೂ ಅಲ್ಲ. ಹಳೆಯ ಕಚೇರಿಯ ಸಂಬಳ, ಟಿಡಿಎಸ್ ವಿವರವನ್ನು ಫಾರಂ 12ಬಿಯಲ್ಲಿ ಹೊಸ ಕಚೇರಿಗೆ ಕೊಡದೇ ಇದ್ದದ್ದರ ಫಲ. ಚಾರ್ಜ್ ವಹಿಸಿಕೊಂಡ ವಾರದಲ್ಲೇ ಹಳೆಯ ಕಚೇರಿಯಿಂದ ಕೊನೆಯ ವೇತನ ಪ್ರಮಾಣಪತ್ರ (ಎಲ್‌ಪಿಸಿ) ತರಿಸಿಕೊಂಡು, 12ಬಿ ತುಂಬಿ ವಿಷಯ ನಿರ್ವಾಹಕರ ಕೈಗೆ ಕೊಟ್ಟರೆ ಈ ತಾಪತ್ರಯವಿಲ್ಲ.

ಸಂಬಳದಲ್ಲಿ ಹಿಡಿದ ತೆರಿಗೆ, ತೆರಿಗೆ ಇಲಾಖೆಯ ವಾರ್ಷಿಕ ವಿವರಪಟ್ಟಿಯಾದ 26ಎಎಸ್‌ನಲ್ಲಿ ಕಾಣದೇ ಇರುವುದು ಮತ್ತೊಂದು ಸಂಕಟ. ಖಜಾನೆಯ ಮೂಲಕ ಬುಕ್ ಹೊಂದಾಣಿಕೆಯಲ್ಲಿ ಹೋಗುವ ಟಿಡಿಎಸ್‌ಗೆ 24ಜಿ ಎಂಬ ಮಾಹಿತಿ ಸಲ್ಲಿಕೆಯಾಗಬೇಕು. ಅಲ್ಲಿ ಸಿಗುವ ಸಂಖ್ಯೆಗೂ ಬಟವಾಡೆ ಅಧಿಕಾರಿಯ ತ್ರೈಮಾಸಿಕ ಲೆಕ್ಕಕ್ಕೂ ಹೊಂದದಿದ್ದರೆ ತೆರಿಗೆ ಇಲಾಖೆಯಿಂದ ನೋಟಿಸ್ ಬರುವುದು ಸಂಬಳ ಪಡೆದ ಅಧಿಕಾರಿಗೆ. ಹೆದರಬೇಕಾಗಿಲ್ಲ. ಸಂಬಳದಿಂದ ಒಮ್ಮೆ ಹಿಡಿದ ತೆರಿಗೆಯನ್ನು ನೌಕರರಿಂದ ಮತ್ತೆ ಕೇಳುವಂತಿಲ್ಲ ಎಂದು ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಹೇಳುತ್ತದೆ. ಆದರೆ ಹಿಡಿದದ್ದಕ್ಕೆ ಪುರಾವೆ ಪೇ ಸ್ಲಿಪ್. ಹಾಗಾಗಿ ಹನ್ನೆರಡೂ ತಿಂಗಳಿನದನ್ನು ಜೋಪಾನ ಮಾಡಬೇಕು.

ಬಡ್ತಿ ತಡವಾಗಿ, ಹಿಂದಿನ ವರ್ಷಗಳ ಹಿಂಬಾಕಿ ಒಟ್ಟಿಗೆ ಬಂದಾಗ ತೆರಿಗೆ ಏಕಾಏಕಿ ಏರುತ್ತದೆ. ಸೆಕ್ಷನ್ 89ರ ಪರಿಹಾರ ಇರುವುದು ಇದಕ್ಕೇ. ರಿಟರ್ನ್‌ಗೂ ಮೊದಲು ಫಾರಂ 10ಇ ಸಲ್ಲಿಸದಿದ್ದರೆ ಅದು ಸಿಗುವುದಿಲ್ಲ. ಹಳೆ ಪಿಂಚಣಿಯ ಹಿರಿಯರು ಸಾಮಾನ್ಯ ಭವಿಷ್ಯ ನಿಧಿಗೆ (ಜಿಪಿಎಫ್) ವರ್ಷಕ್ಕೆ ಐದು ಲಕ್ಷಕ್ಕಿಂತ ಹೆಚ್ಚು ಕಟ್ಟಿದರೆ, ಹೆಚ್ಚುವರಿ ಮೊತ್ತದ ಬಡ್ಡಿಗೆ ತೆರಿಗೆಯಿದೆ. ಶ್ರೇಣಿ ಏರಿದಂತೆ ತೆರಿಗೆಯೂ ಏರುತ್ತದೆ: ರಾಜ್ಯ ಪೊಲೀಸ್ ಮುಖ್ಯಸ್ಥರ ಮೂಲ ವೇತನ 2,25,000. ಶೇ 58ರ ತುಟ್ಟಿಭತ್ಯೆ ಸೇರಿಸಿ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ವರ್ಷದ ತೆರಿಗೆಯೇ 8,70,000ದ ಮೇಲಾಗುತ್ತದೆ.

ಡಿವೈಎಸ್ಪಿ, ಇನ್‌ಸ್ಪೆಕ್ಟರ್‌ಗಳಂಥ ರಾಜ್ಯ ಸೇವೆಯವರ ಸ್ಲಿಪ್ ಬೇರೆ. ಅವರಿಗೆ ರಾಜ್ಯದ ಏಳನೇ ವೇತನ ಆಯೋಗದ ಶ್ರೇಣಿ, ರಾಜ್ಯದ ತುಟ್ಟಿಭತ್ಯೆ. 1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶುರುವಾದ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಕಡ್ಡಾಯ ವಿಮಾ ಕಂತು ಅವರ ಕಟಾವಣೆಯಲ್ಲಿರುತ್ತದೆ. ಅವರಲ್ಲಿ ಎನ್‌ಪಿಎಸ್ ಅನ್ವಯವಾದದ್ದು 2006ರ ಏಪ್ರಿಲ್ 1ರಿಂದ ಸೇರಿದವರಿಗೆ.

ಶ್ರೇಣಿ ಯಾವುದೇ ಇರಲಿ, ಪೊಲೀಸ್ ಕೆಲಸ ಅಪಾಯದ್ದು. ಎನ್‌ಪಿಎಸ್ ಮತ್ತು ವಿಮೆಯ ನಾಮನಿರ್ದೇಶನದಲ್ಲಿ ಮದುವೆಗೆ ಮುಂಚೆ ಬರೆಸಿದ ಹೆಸರೇ ಉಳಿದಿದೆಯೇ ಎಂದು ಈ ತಿಂಗಳೇ ನೋಡಿ. ಪೇ ಸ್ಲಿಪ್‌ನ ಪ್ರತಿ ಸಾಲು ಏನೆಂದು ಮನೆಯವರಿಗೂ ಕೂರಿಸಿಕೊಂಡು ವಿವರಿಸಿ.